ಅರವತ್ತು ಕೆಜಿ ಮುಯ್ಯಿ

ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿತ್ತು. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರತೊಡಗಿ ಊರಿನ ಗಾಳಿಗೇ ಖಾರ ಹತ್ತಿತ್ತು. ಬಸ್ಸಿನಿಂದ ಇಳಿದವರು ಮೊದಲು ಎರಡು ಸಲ ಸೀನಿ, ಆಮೇಲೆ ಎದುರು ಸಿಕ್ಕವರ ಯೋಗಕ್ಷೇಮ ಕೇಳುತ್ತಿದ್ದರು. ಬೆಳಕು ಹರಿಯುತ್ತಲೇ ಹೆಂಗಸರು ಬುತ್ತಿ ಕಟ್ಟಿಕೊಂಡು, ಮೂಗಿಗೆ ಸುತ್ತಿಕೊಳ್ಳಲು ಹಳೆಯ ಸೀರೆಯ ತುಂಡೊಂದನ್ನು ಹೆಗಲಿಗೆ ಹಾಕಿಕೊಂಡು ಗೋದಾಮುಗಳ ಕಡೆಗೆ ಸಾಲುಗಟ್ಟುತ್ತಿದ್ದರು. ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ. ಕೆಜಿಗೆ ಇಷ್ಟೆಂದು ಕೂಲಿ. ಮಾತಿಗೆ ಮಾತ್ರ ತೂಕವಿಲ್ಲ, ಎಷ್ಟಾದರೂ ಆಡಬಹುದು.

ಅದೇ ಹೊತ್ತಿಗೆ ಕದರಮಂಡಲಗಿ ರಸ್ತೆಯ ವೃದ್ಧಾಶ್ರಮದಲ್ಲಿ ವ್ಯವಸ್ಥಾಪಕ ಪರಮೇಶಪ್ಪ ಎಡಗೈಯಲ್ಲಿ ಗುಳಿಗೆಯ ಡಬ್ಬಿ, ಬಲಗೈಯಲ್ಲಿ ಉಪ್ಪಿಟ್ಟಿನ ಸೌಟು ಹಿಡಿದುಕೊಂಡು, ಯಾವುದನ್ನು ಯಾರಿಗೆ ಕೊಡಬೇಕೆಂಬುದನ್ನು ಮರೆತು ನಿಂತಿದ್ದ. ಆಶ್ರಮದಲ್ಲಿ ಹನ್ನೊಂದು ಜನ ಹಿರಿಯರು. ಅವರನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಉಣಿಸಿ, ಮಲಗಿಸಲು ನಾಲ್ಕು ಜನ ಆರೈಕೆಯವರು ಇರಬೇಕು. ಸದ್ಯ ಇದ್ದವಳು ಇಪ್ಪತ್ತೆರಡರ ಸುಶ್ಮಿತಾ ಒಬ್ಬಳೇ. ಸಿದ್ದವ್ವ, ಹೊಳಿಯವ್ವ, ಶ್ರೀದೇವಿ ಮೂವರೂ ಮೆಣಸಿನಕಾಯಿಗೆ ಹೋಗಿದ್ದರು.

ಬಚ್ಚಲಿನೊಳಗಿಂದ ಸುಶ್ಮಿತಾ ಕೂಗಿ ಹೇಳಿದಳು. "ಸರ, ಆ ಗುಳಿಗಿ ಗದಿಗೆವ್ವಜ್ಜಿಗೆ ಕೊಡಬ್ಯಾಡ್ರಿ. ಅದು ಸಕ್ರಿ ಬ್ಯಾನಿದು. ಅಜ್ಜಿಗೆ ಇರೂದು ಬಿಪಿ."

"ಕೊಡ್ಲಿ ಬಿಡ," ಎಂದಳು ಎಂಬತ್ತಾರರ ಗದಿಗೆವ್ವ ಹಾಸಿಗೆಯಿಂದ. "ನನಗೂ ಬಿಪಿ ಬ್ಯಾಸರ ಆಗೇತಿ."

ಪರಮೇಶಪ್ಪ ಹೈಸ್ಕೂಲಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ರಿಜಿಸ್ಟರಿನಲ್ಲಿ ಸರಿಯಾಗಿ ಬರೆದಿಟ್ಟರೆ ಜಗತ್ತು ತಾನಾಗಿ ಸರಿಯಿರುತ್ತದೆ ಎಂಬುದು ಅವನ ನಂಬಿಕೆ. ಪ್ರತಿ ವರ್ಷ ಸಂಕ್ರಾಂತಿಗೆ ಕೆಲಸದವರು ಮೆಣಸಿನಕಾಯಿಗೆ ಹೋಗುತ್ತಿದ್ದರು, ಯುಗಾದಿ ಕಳೆದ ಮೇಲೆ ಬರುತ್ತಿದ್ದರು. ಅವನು ಯಾರ ಹೆಸರನ್ನೂ ಹೊಡೆದು ಹಾಕುತ್ತಿರಲಿಲ್ಲ, 'ರಜೆ' ಎಂದು ಬರೆದು ಸಹಿ ಮಾಡುತ್ತಿದ್ದ. ರಿಜಿಸ್ಟರಿನ ಪ್ರಕಾರ ಅವನ ಆಶ್ರಮವನ್ನು ಐದು ವರ್ಷದಲ್ಲಿ ಯಾರೂ ಬಿಟ್ಟು ಹೋಗಿರಲಿಲ್ಲ.

ಈ ಮಾತು ರಿಜಿಸ್ಟರಿನಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಶನಿವಾರ ಹಾವೇರಿಯಲ್ಲಿ ಜಿಲ್ಲೆಯ ವೃದ್ಧಾಶ್ರಮದವರ ಸಭೆ ಇತ್ತು. ಎಲ್ಲರದೂ ಒಂದೇ ಗೋಳು. ರಾಣೆಬೆನ್ನೂರಿನ ಆಶ್ರಮದ ಅಣ್ಣಾಜಿ ಎದ್ದು, "ಈಗಿನ ಹುಡುಗ್ಯಾರು ಮುಂಜಾನೆ ಬಂದು ಹಾಜರಿ ಹಾಕ್ತಾರ, ಮಧ್ಯಾಹ್ನ ಊಟ ಮಾಡ್ತಾರ, ಸಂಜೀಗೆ ಮೊಬೈಲ್ ಅಂಗಡ್ಯಾಗ ಕೆಲಸಕ್ಕ ನಿಂತಿರ್ತಾರ್ರಿ," ಎಂದ. ಎಲ್ಲರೂ ತಲೆಯಾಡಿಸಿದರು. ಮಂಡಕ್ಕಿ ಮಿರ್ಚಿಯ ಎರಡನೇ ತಟ್ಟೆ ಮುಗಿಸಿ ಹುಮ್ಮಸ್ಸಿನಲ್ಲಿದ್ದ ಪರಮೇಶಪ್ಪ ಎದ್ದು ನಿಂತ.

"ನಮ್ಮಲ್ಲೆ ಐದು ವರ್ಷದಾಗ ಒಬ್ಬರೂ ಬಿಟ್ಟು ಹೋಗಿಲ್ರಿ."

ಜಿಲ್ಲೆಯ ಆಶ್ರಮಗಳನ್ನು ನೋಡಿಕೊಳ್ಳುವ ಅಧಿಕಾರಿ ನಂದಿತಾ ಮೇಡಂ ಪೆನ್ನು ಕೆಳಗಿಟ್ಟರು. "ಹೌದೇನ್ರಿ? ಹಂಗಾದ್ರ ಗುರುವಾರ ನಾವೆಲ್ಲಾ ನಿಮ್ಮಲ್ಲಿಗೇ ಬರ್ತೀವಿ. ನೀವು ಹೆಂಗ ಉಳಿಸಿಕೊಂಡೀರಿ ಅನ್ನೂದನ್ನ ಇವರೆಲ್ಲಾ ಕಣ್ಣಾರೆ ನೋಡ್ಲಿ. ಇನ್ನೊಂದು ಮಾತು. ನಾಲ್ಕು ಮಂದಿ ಆರೈಕೆಯವರು ಇಲ್ಲದ ಆಶ್ರಮ ಈ ವರ್ಷ ಬಂದ್ ಮಾಡಸ್ತೀವಿ. ಅಲ್ಲಿದ್ದ ಹಿರಿಯರನ್ನ ರಾಣೆಬೆನ್ನೂರಿಗೆ ಕಳಸ್ತೀವಿ."

ಚಪ್ಪಾಳೆ ಬಿತ್ತು. ಪರಮೇಶಪ್ಪನೂ ಹೊಡೆದ. ತಾನು ಯಾತಕ್ಕೆ ಚಪ್ಪಾಳೆ ಹೊಡೆದೆ ಎಂಬುದು ಅವನಿಗೆ ತಿಳಿದದ್ದು ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ.

ಸುದ್ದಿ ಕೇಳಿ ಗದಿಗೆವ್ವ ಎದ್ದು ಕುಳಿತಳು. "ರಾಣೆಬೆನ್ನೂರಿಗೆ ಅಂತೂ ನಾ ಸತ್ರೂ ಹೋಗಂಗಿಲ್ಲ, ಪರಮೇಶಿ. ಅಲ್ಲಿ ನಮ್ಮ ಬೀಗರು ಅದಾರ. ವೃದ್ಧಾಶ್ರಮದಾಗ ಅದಾಳಂತ ದಿನಾ ನೋಡಾಕ ಬರ್ತಾರ."

ಮಂಗಳವಾರ ಪರಮೇಶಪ್ಪ ಗೋದಾಮಿಗೆ ಹೋದ. ಒಳಗೆ ಕೆಂಪು ರಾಶಿಗಳ ಸುತ್ತ ಎಂಬತ್ತು ತೊಂಬತ್ತು ಹೆಂಗಸರು, ಎಲ್ಲರ ಮೂಗಿಗೂ ಬಟ್ಟೆ. ಯಾರು ಯಾರೆಂದು ತಿಳಿಯದೆ ಅವನು ಸೀನುತ್ತ ನಿಂತಾಗ ಹೊಳಿಯವ್ವನೇ ಅವನನ್ನು ಗುರುತಿಸಿದಳು.

"ನೋಡ್ರೇ, ಸಾಹೇಬ್ರು ಬಂದಾರ. ನಮ್ಮ ರಜಾ ಚೀಟಿಗೆ ಸಹಿ ಹಾಕಾಕ ಬಂದಂಗ ಕಾಣತೈತಿ."

"ಹೊಳಿಯವ್ವಾ, ಗುರುವಾರ ಒಂದ ದಿನ ಮೂರೂ ಮಂದಿ ಬರ್ರಿ. ಎರಡಪಟ್ಟು ಪಗಾರ ಕೊಡ್ತೇನಿ."

ಸಿದ್ದವ್ವ ಕೈ ನಿಲ್ಲಿಸದೆ ಹೇಳಿದಳು. "ರೊಕ್ಕದ ಮಾತಲ್ರಿ. ಇಲ್ಲೆ ಒಂದ ದಿನ ಜಾಗಾ ಬಿಟ್ರ ಮರುದಿನ ಅಲ್ಲಿ ಇನ್ನೊಬ್ಬಾಕಿ ಕುಂತಿರ್ತಾಳ. ಬಾಜೂದವರು ನಮ್ಮ ಪಾಲಿಂದು ಬಿಡಿಸಿ ಜಾಗಾ ಹಿಡೀಬೇಕು. ಅವರದು ನಾವು ಯಾವಾಗ ತೀರಸೂದು?"

"ಹಂಗಾದ್ರ ಏನ್ ಮಾಡೂಣು?"

"ಮುಯ್ಯಿ ಕೊಡ್ರಿ. ನಾವು ನಿಮ್ಮಲ್ಲೆ ದುಡೀತೀವಿ, ನೀವು ನಮ್ಮಲ್ಲೆ ದುಡೀರಿ."

ಮುಯ್ಯಿ ಎಂದರೆ ಆ ಕಡೆಯ ಹಳ್ಳಿಗಳಲ್ಲಿ ಚಿಕ್ಕ ಮಾತಲ್ಲ. ನಮ್ಮ ಹೊಲಕ್ಕೆ ನೀನು ಒಂದು ದಿನ, ನಿನ್ನ ಹೊಲಕ್ಕೆ ನಾನು ಒಂದು ದಿನ. ಕಾಗದವಿಲ್ಲ, ಸಾಕ್ಷಿಯಿಲ್ಲ. ತೀರಿಸದೆ ಉಳಿಸಿಕೊಂಡವನ ಮನೆಗೆ ಕಳೆ ತೆಗೆಯಲು ಕೂಡ ಮುಂದೆ ಯಾರೂ ಬರುವುದಿಲ್ಲ. ಗುತ್ತಲದ ಕಡೆ ಬೆಳೆದ ಪರಮೇಶಪ್ಪನಿಗೆ ಇದೆಲ್ಲ ಗೊತ್ತಿತ್ತು. ಮೂವತ್ತು ವರ್ಷ ಪೆನ್ನು ಹಿಡಿದದ್ದರಿಂದ ಅವನಿಗೆ ಗೊತ್ತಿಲ್ಲದೆ ಉಳಿದದ್ದು ಒಂದೇ, ತನ್ನ ಕೈ ಈಗ ಯಾವ ಸ್ಥಿತಿಯಲ್ಲಿದೆ ಎಂಬುದು.

"ಒಬ್ಬಾಕಿ ದಿನಕ್ಕ ಇಪ್ಪತ್ತು ಕೆಜಿ ಬಿಡಸ್ತಾಳ. ಮೂರು ಮಂದೀದು ಅರವತ್ತು," ಎಂದಳು ಪದವಿ ಓದಿದ ಶ್ರೀದೇವಿ.

"ಅರವತ್ತಾಗ್ಲಿ, ಎಪ್ಪತ್ತಾಗ್ಲಿ. ಬೆಂಕಿಕಡ್ಡಿಯಷ್ಟು ತುಂಬು. ಅದೇನು ದೊಡ್ಡ ಕೆಲಸ."

"ನಿಮ್ಮ ಕೈಲೇನ ಬಿಡಸಬೇಕ್ರಿ ಮತ್ತ. ಬದಲೀ ಆಳು ಕಳಸಂಗಿಲ್ಲ," ಎಂದಳು ಸಿದ್ದವ್ವ. ಸಾಲಿನ ತುದಿಯವರೆಗೆ ಬಟ್ಟೆಗಳ ಹಿಂದೆ ನಗು ಹರಿದು ಹೋಯಿತು. ಅದು ಒಪ್ಪಂದದ ನಗು ಎಂದು ಪರಮೇಶಪ್ಪ ತಿಳಿದ.

ಗುರುವಾರ ಎರಡು ಜೀಪುಗಳಲ್ಲಿ ಅತಿಥಿಗಳು ಬಂದಿಳಿದರು. ಮೂವರು ಹೆಂಗಸರೂ ನೀಟಾಗಿ ಸೀರೆ ಉಟ್ಟು ಸುಶ್ಮಿತಾಳ ಜೊತೆ ನಿಂತಿದ್ದರು. ನಾಲ್ಕು ಜನ, ನಾಲ್ಕು ಮುಖ, ರಿಜಿಸ್ಟರಿನಲ್ಲಿ ನಾಲ್ಕು ಹೆಸರು. ಪರಮೇಶಪ್ಪ ಎದೆಯುಬ್ಬಿಸಿ, "ಕೆಲಸ ಹೆಂಗ ನಡೀತೈತಿ ತೋರಸ್ರಿ," ಎಂದ.

ಹೊಳಿಯವ್ವ ಶಂಭುಲಿಂಗ ಮಾಸ್ತರರ ಮುಖವನ್ನು ಪ್ರೀತಿಯಿಂದ ತೊಳೆದಳು. ಹತ್ತು ದಿನ ಮೆಣಸಿನಕಾಯಿ ಮುರಿದ ಕೈ ಒಂದು ಸಲ ಸೋಪು ಹಚ್ಚಿದರೆ ತಣ್ಣಗಾಗುವುದಿಲ್ಲ ಎಂಬುದನ್ನು ಆ ಗಡಿಬಿಡಿಯಲ್ಲಿ ಯಾರೂ ನೆನಪಿಟ್ಟಿರಲಿಲ್ಲ. ಎಂಬತ್ತು ವರ್ಷದ ಮಾಸ್ತರರ ಎರಡೂ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯತೊಡಗಿತು. ಅವರು ಸಂಭಾವಿತರು, ಅತಿಥಿಗಳೆದುರು ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿ ಸಿದ್ದವ್ವ ಇನ್ನೊಬ್ಬ ಅಜ್ಜಿಯ ಕೆನ್ನೆ ಸವರಿದಳು. ಆ ಅಜ್ಜಿಯೂ ಅಳತೊಡಗಿದಳು.

"ಎಷ್ಟು ಜೀವ ಮಾಡ್ತಾರ ನೋಡ್ರಿ," ಎಂದರು ನಂದಿತಾ ಮೇಡಂ. ಮುಂದೆ ಬಂದು ಸಿದ್ದವ್ವನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಅದೇ ಕೈಯಿಂದ ತಮ್ಮ ಕಣ್ಣೊರಸಿಕೊಂಡರು. ಆಮೇಲೆ ಬಹಳ ಹೊತ್ತು ಒರಸಿಕೊಳ್ಳುತ್ತಲೇ ಇದ್ದರು. ಮೇಡಂ ಇಷ್ಟು ಅಳುವುದನ್ನು ಕಂಡು ಉಳಿದ ವ್ಯವಸ್ಥಾಪಕರೂ ಹೆಂಗಸರ ಕೈ ಕುಲುಕಿ, ತಮ್ಮ ತಮ್ಮ ಕಣ್ಣೊರಸಿ, ಒಬ್ಬೊಬ್ಬರಾಗಿ ಅಂಗಳದ ನಳದ ಕಡೆಗೆ ಓಡಿದರು.

ಅಳದೆ ಉಳಿದವನು ರಾಣೆಬೆನ್ನೂರಿನ ಅಣ್ಣಾಜಿ ಒಬ್ಬನೇ. ಅವನು ಯಾರ ಕೈಯನ್ನೂ ಹಿಡಿಯಲಿಲ್ಲ. ಗದಿಗೆವ್ವನನ್ನು ಮಗ್ಗುಲಾಗಿಸಿ, ಬೆನ್ನ ಕೆಳಗೆ ಕೈ ಕೊಟ್ಟು, ಒಂದೇ ಸಲಕ್ಕೆ ನೋವಾಗದಂತೆ ಎಬ್ಬಿಸಿ ಕೂರಿಸಿದ ಸುಶ್ಮಿತಾಳನ್ನು ಅವನು ಬಾಗಿಲಿಗೆ ಆತು ನಿಂತು ನೋಡಿದ. ಹೋಗುವಾಗ ಅವಳಿಗೊಂದು ವಿಳಾಸದ ಚೀಟಿ ಕೊಟ್ಟು ಹೋದ.

ಶುಕ್ರವಾರದಿಂದ ಪರಮೇಶಪ್ಪನ ಮುಯ್ಯಿ ಶುರುವಾಯಿತು. ಮೂಗಿಗೆ ಟವೆಲ್ಲು ಸುತ್ತಿಕೊಂಡು ಸಿದ್ದವ್ವ, ಹೊಳಿಯವ್ವರ ನಡುವೆ ಕುಳಿತ. ಮೊದಲ ತಾಸಿನಲ್ಲಿ ಸೊಂಟ ಹಿಡಿಯಿತು. ಎರಡನೇ ತಾಸಿನಲ್ಲಿ ಕಿವಿ ತುರಿಸಿತು, ತುರಿಸಿಕೊಂಡ, ಮೂರನೇ ತಾಸು ಕಿವಿಯನ್ನು ತಣ್ಣೀರಿನಲ್ಲಿ ಹಿಡಿದು ಕಳೆದ. ಸಂಜೆ ತೂಕದ ಅಸ್ಲಮ್ ಅವನ ಬುಟ್ಟಿಯನ್ನು ತಕ್ಕಡಿಗೆ ಇಟ್ಟು, ಮುಳ್ಳನ್ನು ನೋಡಿ, ಬುಟ್ಟಿ ಎತ್ತಿ, ಮತ್ತೊಮ್ಮೆ ಇಟ್ಟ.

"ಮೂರು ಕೆಜಿ ಸಾಹೇಬ್ರ. ಅದರಾಗೂ ಅರ್ಧ ಕಾಯಿ ಮುರದಾವ. ನೀವು ತುಂಬು ಬಿಡಿಸಿರೇನು, ಕಾಯಿಕೂಡ ಜಗಳಾ ಆಡಿರೇನು?"

"ದಿನಾ ಮೂರಂದ್ರ ಇಪ್ಪತ್ತು ದಿನ," ಎಂದಳು ಹೊಳಿಯವ್ವ. "ನಮಗೂ ಜೋಡಿ ಆತು ಬಿಡ್ರಿ."

ಇತ್ತ ಅವನು ಗೋದಾಮಿನಲ್ಲಿ ಕುಳಿತಷ್ಟು ಹೊತ್ತೂ ಆಶ್ರಮದಲ್ಲಿ ಸುಶ್ಮಿತಾ ಒಬ್ಬಳೇ. ಒಂದು ದಿನ ನಾಲ್ಕು ಜನರನ್ನು ತೋರಿಸಲು ಹೋಗಿ, ಇದ್ದ ಒಂದೂವರೆ ಜನರಲ್ಲಿ ಅರ್ಧವನ್ನು ಅವನು ಕಳೆದಿದ್ದ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಓಡಿ ಬಂದು ಗುಳಿಗೆ ಹಂಚಿ, ಮತ್ತೆ ಓಡುತ್ತಿದ್ದ. ರಸ್ತೆಯಲ್ಲಿ ಸಿಕ್ಕವರು, "ಎಲ್ಲಿಗೆ ಹೊಂಟೀರಿ?" ಎಂದರೆ, "ಬಂದೆ," ಎನ್ನುತ್ತಿದ್ದ.

ನಾಲ್ಕನೇ ದಿನ ಗೋದಾಮಿನ ಬಾಗಿಲಲ್ಲಿ ನಂದಿತಾ ಮೇಡಂ ಕಾಣಿಸಿಕೊಂಡರು. ಮನೆಗೆ ವರ್ಷದ ಖಾರದಪುಡಿಗೆ ಕಾಯಿ ಕೊಳ್ಳಲು ಬಂದಿದ್ದರು. ಪರಮೇಶಪ್ಪ ಟವೆಲ್ಲನ್ನು ಹುಬ್ಬಿನವರೆಗೆ ಎಳೆದುಕೊಂಡ. ಎಂಬತ್ತು ಸೀರೆಗಳ ನಡುವೆ ಒಂದು ಪ್ಯಾಂಟು ಎಷ್ಟು ಎದ್ದು ಕಾಣುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

"ನೀವು ಪರಮೇಶಪ್ಪನವರಲ್ಲೇನ್ರಿ? ಇಲ್ಲೇನು ಮಾಡಾಕತ್ತೀರಿ?"

ಅವನು ಟವೆಲ್ಲು ಬಿಚ್ಚುವಷ್ಟರಲ್ಲಿ ಹೊಳಿಯವ್ವ ಸಹಾಯಕ್ಕೆ ಬಂದಳು. "ಅವರು ನಮ್ಮ ಮುಯ್ಯಾಳ್ರಿ ಮೇಡಂ. ಅವತ್ತ ನಾವು ಒಂದ ದಿನ ಹೋಗಿದ್ವಲ್ಲಾ, ಅದನ್ನ ತೀರಸಾಕತ್ತಾರ. ಭಾಳ ಪ್ರಾಮಾಣಿಕ ಮನಶ್ಯಾರು."

ಮೇಡಂ ಹೊಳಿಯವ್ವನ ಮುಖ ನೋಡಿದರು, ಅವಳ ಕೆಂಪು ಕೈ ನೋಡಿದರು. ಗುರುವಾರದಿಂದ ಮೂರು ದಿನ ಉರಿದ ತಮ್ಮ ಕಣ್ಣಿನ ಕಾರಣ ಅವರಿಗೆ ಆಗ ತಿಳಿಯಿತು.

"ಇನ್ನ ಹದಿನೈದಿಪ್ಪತ್ತು ದಿನದಾಗ ಬರ್ತೇನಿ. ಹೇಳದ ಬರ್ತೇನಿ. ಖರೇ ಖರೇ ನಾಲ್ಕು ಮಂದಿ ಕೆಲಸದಾಗ ಕಾಣಬೇಕು. ಇಲ್ಲಾಂದ್ರ ಹನ್ನೊಂದೂ ಮಂದಿ ರಾಣೆಬೆನ್ನೂರಿಗೆ." ಕಾಯಿ ಕೊಳ್ಳದೆಯೇ ಹೊರಟು ಹೋದರು.

ಪರಮೇಶಪ್ಪ ಎದ್ದು ಆಶ್ರಮಕ್ಕೆ ಓಡಿದ. ಬಾಗಿಲ ಮೆಟ್ಟಿಲ ಮೇಲೆ ಸುಶ್ಮಿತಾಳ ಚೀಲ ಕಟ್ಟಿಟ್ಟಿತ್ತು.

"ಸರ, ನಾ ಹೊಂಟೆ. ಅಣ್ಣಾಜಿ ಸರ ಎರಡ ಸಾವಿರ ಹೆಚ್ಚಿಗಿ ಕೊಡ್ತೇನಿ ಅಂದಾರ."

"ನಾ ಮೂರು ಕೊಡ್ತೇನಿ." ಮೂರು ನೂರು ಹೆಚ್ಚಿಸಲೂ ಅವನಿಗೆ ಅಧಿಕಾರವಿರಲಿಲ್ಲ.

"ನೀವು ಎಲ್ಲಿಂದ ತರ್ತೀರಿ, ಬಿಡ್ರಿ. ನಾ ಒಂದ ಮಾತು ಕೇಳ್ತೇನಿ. ಸಿದ್ದವ್ವಕ್ಕ, ಹೊಳಿಯವ್ವಕ್ಕ ಒಂದ ದಿನ ಬಂದು ನಿಂತ್ರು. ಅದನ್ನ ತೀರಸಾಕ ನಾಕು ದಿನದಿಂದ ಸೊಂಟಾ ಬಗ್ಗಿಸಿ ಕುಂತೀರಿ. ನಾ ಎರಡು ವರ್ಷ ಮಾಡೇನಿ. ನನ್ನ ಮುಯ್ಯಿ ಎಲ್ಲಿ?"

"ನಿನಗ ಪಗಾರ ಕೊಡ್ತೇವಲ್ಲ, ತಂಗಿ."

"ಪಗಾರ ಆರು ದಿನದ್ದು. ಐತವಾರ ರಜಾ ಅಂದಿದ್ರಿ. ಎರಡು ವರ್ಷಕ್ಕ ನೂರಾನಾಕು ಐತವಾರ. ನಾ ತಗೊಂಡಿದ್ದು ಮೂವತ್ತೊಂದು. ನಿಮ್ಮ ರಿಜಿಸ್ಟರ್‌ನಾಗ ಐತಿ, ನೋಡ್ರಿ."

ಪರಮೇಶಪ್ಪ ರಿಜಿಸ್ಟರು ತೆರೆದ. ಎಪ್ಪತ್ಮೂರು ಭಾನುವಾರಗಳ ಮುಂದೆ ಅವನದೇ ದುಂಡನೆಯ ಅಕ್ಷರದಲ್ಲಿ 'ಹಾಜರು' ಎಂದಿತ್ತು. ಬರೆಯುವಾಗ ಒಂದೊಂದೂ ಎಷ್ಟು ಚಂದ ಕಂಡಿತ್ತು.

ಒಳಗಿಂದ ಗದಿಗೆವ್ವನ ದನಿ ಬಂತು. "ಹುಡುಗೀದು ಕೊಟ್ಟುಬಿಡು, ಪರಮೇಶಿ. ಕೊಡೂತನಕ ನಿನ್ನ ಕೈಲೆ ನಾ ನೀರು ಸೈತ ಮುಟ್ಟಂಗಿಲ್ಲ."

"ಎಪ್ಪತ್ಮೂರು ದಿನ ನಿನ್ನ ಕೆಲಸ ನಾ ಮಾಡಬೇಕೇನು?"

"ಸದ್ಯಕ್ಕ ಆರು ಕೊಡ್ರಿ. ನಮ್ಮೂರು ಕರ್ಜಗಿಗೆ ಹೋಗಿ ಮನಸು ತುಂಬ ಮಲಗ್ತೇನಿ."

"ತಿರುಗಿ ಬರ್ತಿ ಹೌದಿಲ್ಲೋ?"

"ಅದನ್ನ ಎದ್ದ ಮ್ಯಾಲೆ ಹೇಳ್ತೇನಿ ಸರ." ಚೀಲ ಎತ್ತಿಕೊಂಡು ಹೋದಳು.

ಆ ಆರು ದಿನಗಳ ಬಗ್ಗೆ ಆಶ್ರಮದ ಹಿರಿಯರು ಇಂದಿಗೂ ಬೇರೆ ಬೇರೆ ಕಥೆ ಹೇಳುತ್ತಾರೆ. ಪರಮೇಶಪ್ಪ ಶಂಭುಲಿಂಗ ಮಾಸ್ತರರಿಗೆ ಸ್ನಾನ ಮಾಡಿಸಲು ಹೋಗಿ ತಾನೇ ಹೆಚ್ಚು ನೆನೆದ. ಒಬ್ಬರಿಗೆ ಎರಡು ಸಲ ಉಪ್ಪಿಟ್ಟು ಕೊಟ್ಟ, ಒಬ್ಬರಿಗೆ ಕೊಡಲೇ ಇಲ್ಲ. ಒಬ್ಬರನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ಇನ್ನೊಬ್ಬರು ಕರೆಯುತ್ತಿದ್ದರು. ಹನ್ನೊಂದು ಜನರನ್ನು ಸುಶ್ಮಿತಾ ಹೇಗೆ ಒಬ್ಬಳೇ ಸುಧಾರಿಸುತ್ತಿದ್ದಳು ಎಂದು ಅವನು ಮಾಸ್ತರರನ್ನು ಕೇಳಿದ. "ಆಕಿ ಓಡತಿರಲಿಲ್ಲಪಾ," ಎಂದರು ಮಾಸ್ತರರು.

ಮೂರನೇ ದಿನ ಸಂಜೆ ಸಿದ್ದವ್ವ, ಹೊಳಿಯವ್ವ ಗೋದಾಮಿನಿಂದ ನೇರ ಬಂದು ಬಾಗಿಲಲ್ಲಿ ನಿಂತರು.

"ಹನ್ನೆರಡು ಕೆಜಿ ಬಿಡಿಸಿ ಓಡಿ ಬಂದೀರಿ. ಉಳದ ನಲವತ್ತೆಂಟು ಯಾರು ಬಿಡಸ್ತಾರ್ರಿ?" ಎಂದಳು ಹೊಳಿಯವ್ವ.

ಪರಮೇಶಪ್ಪ ಗದಿಗೆವ್ವನ ಎದುರು ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದ. ಅವಳು ಹಠ ಹಿಡಿದು ತುಟಿ ಬಿಗಿದಿದ್ದಳು. ಅವನ ಅಂಗಿಗೆ ಗಂಜಿ, ಕನ್ನಡಕಕ್ಕೆ ಗಂಜಿ.

"ಸರೀರಿ ಆಚೆ," ಎಂದಳು ಸಿದ್ದವ್ವ. ಕೈಗೆ ಎಣ್ಣೆ ತಿಕ್ಕಿ, ಕಡ್ಲಿ ಹಿಟ್ಟು ಹಚ್ಚಿ ಮೂರು ಸಲ ತೊಳೆದುಕೊಂಡು, ಮೂಸಿ ನೋಡಿ, ಗದಿಗೆವ್ವನ ಪಕ್ಕ ಕುಳಿತಳು. ಗದಿಗೆವ್ವ ಬಾಯಿ ತೆರೆದಳು. ಬಟ್ಟಲು ಖಾಲಿಯಾಗುವವರೆಗೆ ಇಬ್ಬರೂ ಗೋದಾಮಿನ ಹೆಂಗಸರೆಲ್ಲರ ಸಂಸಾರದ ಸುದ್ದಿ ಮಾತಾಡಿದರು. ಹೊಳಿಯವ್ವ ಕೇಳದೆಯೇ ಹಾಸಿಗೆ ಬದಲಿಸಿದಳು.

"ದಿನಾ ಹಿಂಗ ಬರಬಾರದೇನು?" ಎಂದ ಪರಮೇಶಪ್ಪ, ಕನ್ನಡಕ ಒರಸುತ್ತ.

"ಬರಬಹುದು. ಗೋದಾಮು ಐದಕ್ಕ ಮುಗೀತೈತಿ. ನೀವು ಮುಂಜಾನೆ ಆರಕ್ಕ ಬರ್ರಿ, ಸಂಜೀ ಆರಕ್ಕ ಹೋಗ್ರಿ, ನಡುವ ಮಾತಾಡಬ್ಯಾಡ್ರಿ ಅಂತಿದ್ರಿ. ಸಂಜೀಗೆ ಮೂರು ತಾಸು ಅಂದಿದ್ರ ಯಾರು ಒಲ್ಲೆ ಅಂತಿದ್ರು?" ಎಂದಳು ಸಿದ್ದವ್ವ.

"ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು? ರಜಾ ಅಂತ ಬರಕೊಂಡ್ರಿ."

ಶ್ರೀದೇವಿ ಮಾತ್ರ ಬರಲಿಲ್ಲ. ಹಾವೇರಿಯ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ತನ್ನ ಪಾಲಿನ ಇಪ್ಪತ್ತು ಕೆಜಿಯನ್ನು ಸಿದ್ದವ್ವನ ಹೆಸರಿಗೆ ಬಿಟ್ಟು ಹೋಗಿದ್ದಳು.

ಏಳನೇ ದಿನ ಬೆಳಿಗ್ಗೆ ಕರ್ಜಗಿಯ ಕಡೆಯಿಂದ ಸುಶ್ಮಿತಾ ಬರಲಿಲ್ಲ. ಹತ್ತು ಗಂಟೆಗೆ ಅಣ್ಣಾಜಿಯ ಫೋನು ಬಂತು. "ನಿಮ್ಮ ಹುಡುಗಿ ನಮ್ಮಲ್ಲೆ ಬಂದಾಳ್ರಿ. ಎಲ್ಲಾ ಅಡ್ಡಾಡಿ ನೋಡಾಕತ್ತಾಳ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ." ಪರಮೇಶಪ್ಪ ಬ್ಯಾಸರ ಮಾಡಿಕೊಳ್ಳಲಿಲ್ಲ, ಹೊಸ್ತಿಲ ಮೇಲೆ ಕುಳಿತುಬಿಟ್ಟ. ಗದಿಗೆವ್ವ ತನ್ನ ಸೀರೆಗಳನ್ನು ಗಂಟು ಕಟ್ಟಲು ಶುರು ಮಾಡಿದಳು.

ಮೂರು ಗಂಟೆಗೆ ಆಟೋದಿಂದ ಸುಶ್ಮಿತಾ ಇಳಿದಳು. ನಿದ್ದೆಯಾದ ಮುಖ. ನೇರ ಒಳಗೆ ಹೋಗಿ ಗದಿಗೆವ್ವನ ಗಂಟು ಬಿಚ್ಚಿ, ಸೀರೆಗಳನ್ನು ತಿರುಗಿ ಟ್ರಂಕಿಗೆ ಹಾಕಿದಳು.

"ಅಲ್ಲೆ ಇಪ್ಪತ್ತಾರು ಮಂದಿ ಅಜ್ಜ ಅಜ್ಜಿ. ನೋಡೂರು ಮೂರು ಜನ. ಗ್ವಾಡೀ ಮ್ಯಾಲೆ ಐತವಾರ ರಜಾ ಅಂತ ಬರದಾರ. ಅದನ್ನ ಓದಾಕ ಆ ಮೂರು ಮಂದೀಗೆ ಪುರಸೊತ್ತಿಲ್ಲ." ಟ್ರಂಕಿನ ಮುಚ್ಚಳ ಹಾಕಿ ಹೇಳಿದಳು. "ಮತ್ತ ಅಲ್ಲಿಗೆ ಹೋದ್ರ ನನ್ನ ಅರವತ್ತೇಳು ದಿನ ಮುಳುಗಿ ಹೋಗ್ತಾವ. ಬರಬೇಕಾದ್ದು ಬಿಟ್ಟು ನಾ ಯಾಕ ಹೋಗ್ಲಿ?"

"ಅವನ್ನ ಹೆಂಗ ತಗೋತಿ?"

"ಇನ್ನ ಮ್ಯಾಲೆ ಐತವಾರ ಐತವಾರದ್ದೇ. ಹಳೇ ಬಾಕಿ ತಿಂಗಳಿಗೊಂದು."

ಪರಮೇಶಪ್ಪ ಮನಸ್ಸಿನಲ್ಲೇ ಭಾಗಾಕಾರ ಮಾಡಿದ. ತಿಂಗಳಿಗೊಂದರಂತೆ ಅರವತ್ತೇಳು. ಐದು ವರ್ಷ ಏಳು ತಿಂಗಳು. ಅಷ್ಟರಲ್ಲಿ ಗದಿಗೆವ್ವನಿಗೆ ತೊಂಬತ್ತೊಂದು ದಾಟಿರುತ್ತದೆ. ತಾನು ಕೊಡಬೇಕಾದದ್ದು ಇಷ್ಟೊಂದು ಉಳಿದಿದೆ ಎಂದು ಜೀವನದಲ್ಲಿ ಮೊದಲ ಸಲ ಅವನಿಗೆ ಹಿತವೆನಿಸಿತು.

ಇಪ್ಪತ್ತನೇ ದಿನ ಹೇಳದೆ ಬಂದ ನಂದಿತಾ ಮೇಡಂ ಈ ಸಲ ಯಾರ ಕೈಯನ್ನೂ ಮುಟ್ಟಲಿಲ್ಲ. ಸಂಜೆ ಆರೂವರೆ. ಸುಶ್ಮಿತಾ ಒಬ್ಬರನ್ನು ನಡೆಸುತ್ತಿದ್ದಳು. ಸಿದ್ದವ್ವ ಉಣಿಸುತ್ತಿದ್ದಳು. ಹೊಳಿಯವ್ವ ಹಾಸಿಗೆ ಹಾಸುತ್ತಿದ್ದಳು. "ಮೂರಾತು," ಎಂದರು ಮೇಡಂ. ಅಷ್ಟರಲ್ಲಿ ಮಾಸ್ತರರ ಕೋಣೆಯಿಂದ ಬೆಡ್‌ಪ್ಯಾನ್ ಹಿಡಿದುಕೊಂಡು, ದಾರಿ ಬಿಡಿರೆಂದು ಕಣ್ಣಿನಲ್ಲೇ ಹೇಳುತ್ತ ಪರಮೇಶಪ್ಪ ಹೊರಬಂದ. ಓಡುತ್ತಿರಲಿಲ್ಲ. ಮೇಡಂ ರಿಜಿಸ್ಟರು ನೋಡಿದರು. ಆರೈಕೆಯವರ ಪಟ್ಟಿಯಲ್ಲಿ ನಾಲ್ಕನೇ ಹೆಸರು ಅವನದೇ, ಸುಶ್ಮಿತಾಳ ಕೈಬರಹದಲ್ಲಿ.

"ಇವರನ್ನ ಈಗ ಹೆಂಗ ಉಳಿಸಿಕೊಂಡ್ರಿ?" ಎಂದು ಹೋಗುವಾಗ ಕೇಳಿದರು.

"ನಾ ಉಳಿಸಿಲ್ರಿ," ಎಂದ ಪರಮೇಶಪ್ಪ. "ಅವರದು ನನ್ನ ಕಡೆ ಉಳದೈತಿ."

ಸುಶ್ಮಿತಾ ತಿರುಗಿ ಬಂದ ದಿನವೇ ಹಾಕಿದ್ದ ಪಟ್ಟಿಯ ಪ್ರಕಾರ ಅವನಿಗೂ ಬುಧವಾರ ರಜೆ. ಬುಧವಾರ ಬುಧವಾರ ಅವನು ಗೋದಾಮಿಗೆ ಹೋಗಿ ಕುಳಿತ. ಕೈ ಪಳಗಿ, ಬೆರಳಿಗೆ ದಡ್ಡು ಕಟ್ಟಿ, ದಿನಕ್ಕೆ ಏಳು ಎಂಟು ಕೆಜಿ ಬಿಡಿಸತೊಡಗಿದ. ಮಾರ್ಚ್ ಎರಡನೇ ವಾರ ಅಸ್ಲಮ್ ತಕ್ಕಡಿಯಿಂದ ತಲೆಯೆತ್ತಿ, "ಐವತ್ತೇಳು ಆತು ಸಾಹೇಬ್ರ. ಇನ್ನ ಮೂರು ಉಳದಾವ. ಕುಂತ್ರ ಇವತ್ತೇ ಮುಗೀತಾವ," ಎಂದ.

ಪರಮೇಶಪ್ಪ ತಕ್ಕಡಿ ನೋಡಿದ. ಟವೆಲ್ಲು ಬಿಚ್ಚಿ ಝಾಡಿಸಿ ಹೆಗಲ ಮೇಲೆ ಹಾಕಿಕೊಂಡ.

"ಇರ್ಲಿ ಬಿಡಪಾ, ಅವಸರ ಏನೈತಿ," ಎಂದು ಮನೆಗೆ ಹೋದ. ಮುಂದಿನ ಬುಧವಾರ ಅವನು ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ.

ಈಗ ಯುಗಾದಿ ಕಳೆದು, ಮೆಣಸಿನಕಾಯಿ ಮುಗಿದು, ಗೋದಾಮಿಗೆ ಬೀಗ ಬಿದ್ದಿದೆ. ಆದರೂ ಸಿದ್ದವ್ವ ದಿನಾ ಸಂಜೆ ಐದಕ್ಕೆ ತಪ್ಪದೆ ಆಶ್ರಮದ ಗೇಟು ತೆರೆದು, "ನಮ್ಮ ಮೂರು ಕೆಜಿ ಯಾವಾಗ ಕೊಡ್ತೀರಿ?" ಎಂದು ಕೇಳುತ್ತಾಳೆ. ಪರಮೇಶಪ್ಪ, "ಕೊಡೂಣು, ಕೊಡೂಣು," ಎನ್ನುತ್ತಾನೆ. "ಬಾಕಿ ಒಂದ ದಿನ ಸೈತ ಇಟ್ಕೊಳ್ಳಾಕ ಬಿಡಂಗಿಲ್ಲ, ನೋಡ್ರಿ ಮತ್ತ," ಎಂದು ಗೊಣಗುತ್ತ ಅವಳು ಒಳಗೆ ಹೋಗಿ, ಕೈ ತೊಳೆದುಕೊಂಡು, ಗದಿಗೆವ್ವನಿಗೆ ಗಂಜಿ ಬಡಿಸುತ್ತಾಳೆ.